ಸಿ.ಟಿ. ಸ್ಕ್ಯಾನ್: ಉಪಯೋಗಗಳು ಮತ್ತು ಸಾರ್ವಜನಿಕರಿಗೆ ಸೂಚನೆಗಳು

ಕ್ಷ-ಕಿರಣಗಳನ್ನು ಹಲವು ಕೋನಗಳಿಂದ ದೇಹದ ಮೂಲಕ ಹಾಯಿಸಿ, ಗಣಕಯಂತ್ರದ ನೆರವಿನಿಂದ ಒಳ ಅಂಗಾಂಗಗಳ ಅಡ್ಡಕೊಯ್ತದ ಚಿತ್ರ ಪಡೆಯುವ ವಿಧಾನವೇ ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಹೀಗೆ ಪರೀಕ್ಷಿಸಲಾಯಿತು.

ಉಪಯೋಗಗಳು:
1. ತಲೆಗೆ ಬಿದ್ದ ಪೆಟ್ಟು, ಗೆಡ್ಡೆ, ಶ್ವಾಸಕೋಶದ ರೋಗ ಹಾಗೂ ಮೂತ್ರಪಿಂಡದ ಕಲ್ಲುಗಳ ಪತ್ತೆ.
2. ಸಂಶೋಧನೆಯಲ್ಲಿ, ಹೊಸ ಔಷಧದಿಂದ ಗೆಡ್ಡೆ ಕುಗ್ಗಿದ ಪ್ರಮಾಣದ ಅಳತೆ.
3. ಲಕ್ವದ ಕಾರಣ ನಿರ್ಣಯ.

ಲಕ್ವ ಹೊಡೆದಾಗ: ಮೆದುಳಿನ ರಕ್ತನಾಳ ಕಟ್ಟಿಕೊಂಡರೂ ಒಡೆದರೂ ಹೊರಲಕ್ಷಣಗಳು ಒಂದೇ ತೆರನಾಗಿರಬಹುದು, ಚಿಕಿತ್ಸೆ ಮಾತ್ರ ಬೇರೆ. ಹೆಪ್ಪು ಕರಗಿಸುವ ಔಷಧವನ್ನು ರಕ್ತಸ್ರಾವವಾದವರಿಗೆ ನೀಡಿದಲ್ಲಿ ಪ್ರಾಣಾಪಾಯವಿದೆ. ಆದ್ದರಿಂದ ಮೊದಲು ಸ್ಕ್ಯಾನ್ ಅಗತ್ಯ. ಈ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ 4.5 ಗಂಟೆಗಳೊಳಗೆ ನೀಡಬೇಕಾಗುತ್ತದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸುಮಾರು 35 ಕಿ.ಮೀ., ಮೈಸೂರಿಗೆ ಸುಮಾರು 60 ಕಿ.ಮೀ.; ಈ ಪ್ರಯಾಣವೂ ಅದೇ ಅವಧಿಯಲ್ಲಿ ಸೇರುತ್ತದೆ. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಲಕ್ಷಣ ಆರಂಭವಾದ ಸಮಯವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಸೂಚನೆ: ಗರ್ಭಿಣಿಯರು, ಮೂತ್ರಪಿಂಡದ ರೋಗ ಅಥವಾ ಔಷಧ ಅಲರ್ಜಿ ಉಳ್ಳವರು ಮುಂಚಿತವಾಗಿ ತಿಳಿಸತಕ್ಕದ್ದು. ವೈದ್ಯರ ಶಿಫಾರಸು ಪತ್ರ, ಹಿಂದಿನ ವರದಿಗಳು, ಪಡಿತರ ಚೀಟಿ ಹಾಗೂ ಆಧಾರ್ ಜೊತೆಯಲ್ಲಿರಲಿ. ತುರ್ತು ಸಂದರ್ಭದಲ್ಲಿ ದಾಖಲೆಗಳನ್ನು ಹುಡುಕುತ್ತ ವಿಳಂಬ ಮಾಡಬಾರದೆಂದು ಕೋರಲಾಗಿದೆ.