ಒಣಗಿದ್ದಲ್ಲ, ಎಳೆದದ್ದು: ರೇಷ್ಮೆ ದ್ರವದ ಅಧ್ಯಯನ ಸಾಗಿಬಂದ ದಾರಿ

ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಅದರ ಎರಡೂ ರೇಷ್ಮೆಗ್ರಂಥಿಗಳು ತುಂಬಿಕೊಂಡಿರುತ್ತವೆ. ಗ್ರಂಥಿಯ ನಡುಭಾಗದ ದ್ರವದಲ್ಲಿ ತೂಕದ ಸುಮಾರು ಕಾಲುಭಾಗ ಪ್ರೋಟೀನು. ಉಳಿದದ್ದು ಬಹುಪಾಲು ನೀರು. ಅಷ್ಟು ಮಂದವಾದ ದ್ರವ ಒಳಗೆ ಹೆಪ್ಪುಗಟ್ಟದೆ ಉಳಿದು, ಹೊರಬಿದ್ದೊಡನೆ ನೀರಿನಲ್ಲಿ ಕರಗದ ಎಳೆಯಾಗುವುದು ಹೇಗೆ?

ಒಣಗಿ ಎಳೆಯಾಗುತ್ತದೆ ಎಂಬ ಉತ್ತರ ಬಹುಕಾಲ ನಡೆಯಿತು. 18ನೇ ಶತಮಾನದ ಫ್ರೆಂಚ್ ವಿಜ್ಞಾನಿ ರೆಯೋಮ್ಯೂರ್ ರೇಷ್ಮೆಯನ್ನು ಒಣಗಿದ ಅಂಟೆಂದೇ ತಿಳಿದಿದ್ದ. ಆದರೆ ಸ್ಪೇನಿನ ಮುರ್ಸಿಯಾದ ಕುಶಲಕರ್ಮಿಗಳ ಕೈಗೆ ಬೇರೆಯದೇ ಗೊತ್ತಿತ್ತು. ಅವರು ಹಣ್ಣಾದ ಹುಳುಗಳನ್ನು ವಿನೆಗರ್‌ನಲ್ಲಿ ನೆನೆಸಿ, ಗ್ರಂಥಿಯನ್ನು ಹೊರತೆಗೆದು, ಎರಡೂ ತುದಿ ಹಿಡಿದು ಎಳೆಯುತ್ತಿದ್ದರು. ಗಾಳದ ದಾರಕ್ಕೂ ಶಸ್ತ್ರವೈದ್ಯರ ಹೊಲಿಗೆಗೂ ಬೇಕಾದ ಗಟ್ಟಿ ಎಳೆ ಹಾಗೆ ಸಿಗುತ್ತಿತ್ತು. ಆಮ್ಲ ಮತ್ತು ಎಳೆತ: ಪ್ರಯೋಗಾಲಯಗಳು ಬಹಳ ತಡವಾಗಿ ತಲುಪಿದ ಎರಡು ಉತ್ತರಗಳೂ ಆ ಕಸುಬಿನಲ್ಲೇ ಇದ್ದವು ಎಂದು ನನಗನ್ನಿಸುತ್ತದೆ.

ತಡವಾಗಲು ಕಾರಣವಿದೆ. 20ನೇ ಶತಮಾನದ ನಡುಭಾಗದವರೆಗೆ ಹೆಚ್ಚಿನ ಗಮನ ಸಿದ್ಧ ನೂಲಿನ ಮೇಲಿತ್ತು. ಕ್ಷಕಿರಣ ಚಿತ್ರಗಳ ಆಧಾರದಿಂದ 1955ರಲ್ಲಿ ಮಾರ್ಷ್, ಕೋರಿ, ಪೌಲಿಂಗ್ ಅವರು ಎಳೆಯ ಮುಖ್ಯ ಪ್ರೋಟೀನಾದ ಫೈಬ್ರಾಯಿನ್‌ನ ಸರಪಳಿಗಳು ಎದುರುಬದುರು ದಿಕ್ಕಿನಲ್ಲಿ ಸಾಲಾಗಿ ಬೀಟಾ ಹಾಳೆಗಳಾಗುತ್ತವೆಂದು ತೋರಿಸಿದರು. ಅದಕ್ಕೂ ಮೊದಲೇ, 1950ರಲ್ಲಿ, ಕ್ರಾಟ್ಕಿ ಮತ್ತು ಸಂಗಡಿಗರು ಇನ್ನೊಂದು ರಚನೆಯನ್ನು ಗುರುತಿಸಿದ್ದರು. ಗ್ರಂಥಿಯ ದ್ರವವನ್ನು ಅಲುಗಿಸದೆ ಒಣಗಿಸಿದರೆ ಸಿಗುವುದು ನೂಲಿನ ರಚನೆಯಲ್ಲ, 'ಸಿಲ್ಕ್ 1' ಎಂಬ ಬೇರೆ ರಚನೆ. ಅದನ್ನು ಎಳೆದರೆ ನೂಲಿನ 'ಸಿಲ್ಕ್ 2' ಆಗುತ್ತದೆ. ಒಣಗುವಿಕೆಯ ವಾದ ಇಲ್ಲಿಗೇ ಮುಗಿಯಬೇಕಿತ್ತು.

ಎಳೆತಕ್ಕೆ ಸಿಕ್ಕ ದ್ರವ ಹೇಗೆ ಹರಿಯುತ್ತದೆಂಬ ಅಧ್ಯಯನ ಬಲಗೊಂಡದ್ದು 1960ರ ದಶಕದಲ್ಲಿ, ಜಪಾನಿನ ಈಜುಕಾ ಅವರ ಕೆಲಸದಿಂದ. 1991ರಲ್ಲಿ ರೇಷ್ಮೆ ಸ್ರಾವದಲ್ಲಿ ದ್ರವಸ್ಫಟಿಕ ಸ್ಥಿತಿಯನ್ನು ಕಂಡ ವರದಿ ಬಂತು. 2003ರಲ್ಲಿ ಜಿನ್ ಮತ್ತು ಕಪ್ಲಾನ್, ಪ್ರೋಟೀನು ಮೊದಲು ಸಣ್ಣ ಗುಳಿಗೆಗಳಾಗಿ ಒಟ್ಟುಗೂಡುತ್ತದೆಂಬ ಮಾದರಿ ಮುಂದಿಟ್ಟರು. ಈ ಎರಡು ಚಿತ್ರಗಳ ನಡುವಿನ ಚರ್ಚೆ ದೀರ್ಘವಾಗಿದೆ. ಹರಿವಿನ ಅಳತೆಗಳೇ ನನಗೆ ಹೆಚ್ಚು ಭರವಸೆ ಕೊಡುತ್ತವೆ. ಗ್ರಂಥಿಯಿಂದ ನೇರವಾಗಿ ತೆಗೆದ ದ್ರವದ ಸ್ನಿಗ್ಧತೆ ನೀರಿಗಿಂತ ಹತ್ತು ಲಕ್ಷ ಪಟ್ಟಿನ ಆಸುಪಾಸಿನಲ್ಲಿದೆ. ಹರಿವಿನ ವೇಗ ಹೆಚ್ಚಿದಂತೆ ದ್ರವ ತೆಳುವಾಗುತ್ತದೆ; ಒಂದು ಮಿತಿ ದಾಟಿದೊಡನೆ ಅದರೊಳಗೆ ನಾರುಗಳು ಮೂಡಿ ಗಟ್ಟಿಯಾಗುತ್ತದೆ. 2006ರಲ್ಲಿ ಹಾಲೆಂಡ್, ವೋಲ್ರಾತ್ ಮತ್ತು ಸಹಸಂಶೋಧಕರು ಜೇಡ ಮತ್ತು ರೇಷ್ಮೆಹುಳುವಿನ ದ್ರವಗಳನ್ನು ಹೋಲಿಸಿದಾಗ, ಎರಡೂ ಕಾಯಿಸಿ ಕರಗಿಸಿದ ಪಾಲಿಮರ್‌ನಂತೆಯೇ ಹರಿಯುವುದು ಕಂಡುಬಂತು. ಗ್ರಂಥಿಯ ಮುಂಭಾಗಕ್ಕೆ ಬಂದಂತೆ ದ್ರವದ ಆಮ್ಲೀಯತೆ ಏರುವುದೂ ಎಳೆಗಟ್ಟಲು ನೆರವಾಗುತ್ತದೆ. ಮುರ್ಸಿಯಾದ ವಿನೆಗರ್ ಮಾಡಿದ್ದೂ ಬಹುಶಃ ಇದನ್ನೇ.

ಇಷ್ಟಾದರೂ ಒಂದು ಗೊಂದಲ ಉಳಿದಿದೆ. ಅನೇಕ ಪ್ರಬಂಧಗಳ 'ರೇಷ್ಮೆ ದ್ರಾವಣ' ಗ್ರಂಥಿಯದಲ್ಲ. ಗೂಡನ್ನು ಸೋಡಿಯಂ ಕಾರ್ಬೊನೇಟಿನಲ್ಲಿ ಕುದಿಸಿ, ಎಳೆಗಳನ್ನು ಅಂಟಿಸುವ ಸೆರಿಸಿನ್ ತೆಗೆದು, ಲಿಥಿಯಂ ಬ್ರೋಮೈಡಿನಲ್ಲಿ ಕರಗಿಸಿದ ದ್ರಾವಣ ಅದು. ಫೈಬ್ರಾಯಿನ್‌ನ 5,263 ಅಮೈನೊ ಆಮ್ಲಗಳ ಉದ್ದನೆಯ ಸರಪಳಿ ಆ ಕುದಿತದಲ್ಲಿ ತುಂಡುತುಂಡಾಗುತ್ತದೆ. ಹರಿವಿನ ಗುಣವೂ ಬದಲಾಗುತ್ತದೆ. ವೈದ್ಯಕೀಯ ಬಳಕೆಗೆ ಆ ದ್ರಾವಣ ಉಪಯುಕ್ತವೇ, ಆದರೆ ಹುಳು ನೂಲುವ ಬಗೆಗೆ ಅದು ಸಾಕ್ಷಿಯಾಗದು.

ಹಣ್ಣಾದ ಹುಳು ಕೈಗೆಟಕುವಷ್ಟು ಹತ್ತಿರವಿರುವ ಕರ್ನಾಟಕದ ಪ್ರಯೋಗಾಲಯಗಳು ಗ್ರಂಥಿಯ ದ್ರವವನ್ನೇ ಅಳೆಯಲಿ. ತಮ್ಮ ದ್ರಾವಣ ಹುಳುವಿನಿಂದ ಬಂದದ್ದೋ ಗೂಡಿನಿಂದ ಬಂದದ್ದೋ ಎಂಬುದನ್ನು ಪ್ರಬಂಧದ ಮೊದಲಲ್ಲೇ ಬರೆಯಲಿ.