ಸಿರಿ ಮೊದಲು ಬಂತು, ರೈಲು ಆಮೇಲೆ

ಮಾದರಿ ರೈಲು ಕಟ್ಟುವ ಹುಚ್ಚಿನವರು ಇಬ್ಬರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ‘ನಾಳೆ ಮುಂಜಾನೆ ಐದು ಕೋಟಿ ಕೈಯಾಗ ಬಂತಂದ್ರ ಏನ್ ಮಾಡ್ತೀಯೋ?’ ಒಬ್ಬ ಜರ್ಮನಿಯಿಂದ ಹಿತ್ತಾಳೆಯ ಇಂಜಿನ್ನು ತರಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಮನೆಯ ಮೇಲೆ ಮತ್ತೊಂದು ಮಹಡಿ ಎತ್ತಿ ಅದರ ತುಂಬ ಹಳಿ ಹಾಸುತ್ತೇನೆ ಅನ್ನುತ್ತಾನೆ. ನನ್ನ ಹತ್ತಿರ ಇರುವುದು ಆರಡಿ ಉದ್ದದ ಪ್ಲೈವುಡ್ ಹಲಗೆ, ಅದರ ಮೇಲೆ ಒಂದು ಸುತ್ತು ಹಳಿ, ಎರಡು ಇಂಜಿನ್ನು.

ಆದರೂ ಈ ಪ್ರಶ್ನೆಯನ್ನು ಬರೀ ಹರಟೆಯೆಂದು ಬಿಡಲು ನನಗೆ ಮನಸ್ಸಾಗುವುದಿಲ್ಲ. ಏಕೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಸೀಮೆಗೆ ಒಮ್ಮೆ ನಿಜವಾಗಿಯೂ ಹಠಾತ್ ಸಿರಿ ಬಂದಿತ್ತು. ಅದು ಬಂದಾಗ ಇಲ್ಲಿ ರೈಲು ಇರಲಿಲ್ಲ. ರೈಲು ಬಂದಾಗ ಸಿರಿ ಇರಲಿಲ್ಲ. ಈ ಎರಡರ ನಡುವಿನ ಇಪ್ಪತ್ತು ವರ್ಷಗಳನ್ನು ಓದಿಕೊಂಡ ಮೇಲೆ, ಐದು ಕೋಟಿಯ ಪ್ರಶ್ನೆಗೆ ನನ್ನ ಉತ್ತರ ಬೇರೆಯೇ ಆಗಿದೆ.

ಹಣವಿದ್ದ ರೈಲುಪ್ರೇಮಿಗಳು ಏನು ಮಾಡಿದರು ಎಂಬುದನ್ನು ಮೊದಲು ನೋಡೋಣ. ಗ್ವಾಲಿಯರಿನ ಜೈ ವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಒಂದು ಬೆಳ್ಳಿಯ ರೈಲು ಓಡುತ್ತಿತ್ತು. ಅತಿಥಿಗಳ ಮುಂದೆ ಮದ್ಯ, ಚುಟ್ಟಾ ಹೊತ್ತು ಸಾಗುವ ಆ ಗಾಡಿ, ಒಬ್ಬರು ಸೀಸೆ ಎತ್ತಿಕೊಂಡ ಕೂಡಲೇ ನಿಲ್ಲುತ್ತಿತ್ತು. ಅದನ್ನು ಓಡಿಸಿದ ಮಾಧವರಾವ್ ಸಿಂಧಿಯಾ ಅವರಿಗೆ ರೈಲಿನ ಹುಚ್ಚು ಎಷ್ಟಿತ್ತೆಂದರೆ, ಅರಮನೆಯ ಅಂಗಳದಲ್ಲಿ ಆಟವಾಗಿ ಹಾಸಿದ ಎರಡಡಿ ಗೇಜಿನ ಹಳಿ ಮುಂದೆ ನೂರಾರು ಕಿಲೋಮೀಟರಿನ ಗ್ವಾಲಿಯರ್ ಲೈಟ್ ರೈಲ್ವೆಯಾಗಿ ಬೆಳೆಯಿತು.

ಇಂಗ್ಲೆಂಡಿನ ಕ್ಯಾಪ್ಟನ್ ಹೋವಿ ಮೋಟಾರು ರೇಸಿನವನು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿದ್ದ ಮನೆತನದ ಜಮೀನು ಅವನನ್ನು ಶ್ರೀಮಂತನನ್ನಾಗಿ ಮಾಡಿತ್ತು. ಅವನೂ, ಗೆಳೆಯ ಕೌಂಟ್ ಜ್ಬೊರೊವ್ಸ್ಕಿಯೂ ಸೇರಿ ಹದಿನೈದು ಇಂಚು ಗೇಜಿನ, ದೊಡ್ಡ ರೈಲಿನ ಮೂರನೇ ಒಂದು ಅಳತೆಯ ರೈಲುಮಾರ್ಗದ ಕನಸು ಕಂಡರು. 1924ರಲ್ಲಿ ಜ್ಬೊರೊವ್ಸ್ಕಿ ಇಟಲಿಯ ಮೋಂಜಾ ರೇಸಿನಲ್ಲಿ ಸತ್ತ. ಅವನು ಮಾಡಿಸಲು ಹೇಳಿದ್ದ ಇಂಜಿನ್ನುಗಳನ್ನು ಹೋವಿ ಪಡೆದುಕೊಂಡ, 1927ರಲ್ಲಿ ಕೆಂಟ್ ಕರಾವಳಿಯಲ್ಲಿ ರೈಲು ಓಡಿಸಿಯೇಬಿಟ್ಟ. ಎರಡನೇ ಮಹಾಯುದ್ಧದಲ್ಲಿ ಅದೇ ಹಳಿಯ ಮೇಲೆ ಕವಚ ತೊಡಿಸಿದ ಪುಟ್ಟ ಯುದ್ಧರೈಲು ಓಡಾಡಿತು. ಇವತ್ತಿಗೂ ಅದು ಓಡುತ್ತಿದೆ.

ನಮಗೆ ಹತ್ತಿರದ ಪುಣೆಯಲ್ಲಿ ಭಾವೂಸಾಹೇಬ ಜೋಶಿ ಎಂಬುವರು ಇದ್ದರು. ಅವರಿಗೆ ರಾಜ್ಯವೂ ಇರಲಿಲ್ಲ, ಮೆಲ್ಬರ್ನಿನ ಜಮೀನೂ ಇರಲಿಲ್ಲ. ವರ್ಷಗಟ್ಟಲೆ ಕೈಯಾರೆ ಕಟ್ಟಿದ ಮಾದರಿಗಳನ್ನು ಕೂಡಿಸಿ 1998ರಲ್ಲಿ ಪುಟಾಣಿ ರೈಲುಗಳ ಸಂಗ್ರಹಾಲಯ ತೆರೆದರು. ಉತ್ತರ ಕರ್ನಾಟಕದಿಂದ ಪುಣೆಗೆ ಹೋದ ಎಷ್ಟೋ ಮಕ್ಕಳು ಮೊದಲ ಬಾರಿಗೆ ಸಣ್ಣ ಸಿಗ್ನಲ್ಲು ಕೈ ಇಳಿಸುವುದನ್ನು ಕಂಡದ್ದು ಅಲ್ಲಿಯೇ.

ಈ ಮೂವರಲ್ಲಿ ನನಗೆ ಜೋಶಿಯವರೇ ಹೆಚ್ಚು ಹತ್ತಿರ. ಆದರೆ ಎರೆಸೀಮೆಯವನು ಗ್ವಾಲಿಯರ್, ಪುಣೆಗಳನ್ನು ನಕಲು ಮಾಡಿದರೆ ಏನು ಬಂತು? ಅವನು ತನ್ನ ಊರನ್ನೇ ಕಟ್ಟಬೇಕು. ಊರು ಕಟ್ಟುವವನು ಮೊದಲು ಒಂದು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. ಇಂಜಿನ್ನು, ಸ್ಟೇಷನ್ನಿನ ಬೋರ್ಡು, ಪ್ಲಾಟ್‌ಫಾರಮ್ಮಿನ ಮೇಲಿನ ಜನರ ರುಮಾಲು, ಎಲ್ಲವೂ ಆ ವರ್ಷಕ್ಕೆ ಒಪ್ಪಬೇಕು. ಇದು ಈ ಹವ್ಯಾಸದ ಮೊದಲ ನಿಯಮ.

ಸಿರಿಯ ಲೆಕ್ಕದಿಂದ ಹೋದರೆ 1864 ಅನ್ನು ಆರಿಸಬೇಕು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ. ದಕ್ಷಿಣದ ಬಂದರುಗಳು ಮುಚ್ಚಿ, ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲವಾಯಿತು. ಇಂಗ್ಲಿಷರ ಕಣ್ಣು ಹಿಂದೂಸ್ತಾನದ ಹತ್ತಿಯ ಮೇಲೆ ಬಿತ್ತು. ಧಾರವಾಡ ಜಿಲ್ಲೆ ಅದಕ್ಕೆ ಮೊದಲೇ ಸಿದ್ಧವಾಗಿತ್ತು ಎನ್ನಬೇಕು. 1840ರ ದಶಕದಲ್ಲಿಯೇ ಕಲೆಕ್ಟರ್ ಶಾ ಎಂಬುವನು ನ್ಯೂ ಆರ್ಲಿಯನ್ಸ್ ತಳಿಯನ್ನು ಇಲ್ಲಿ ಹರಡಿಸಲು ಹೊರಟಿದ್ದ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಮರ್ಸರ್ ಎಂಬ ಅಮೆರಿಕನ್ ತೋಟಗಾರ ಪ್ರಯೋಗದ ಹೊಲ ಮಾಡಿದ್ದ. ಬೇರೆ ಸೀಮೆಗಳಲ್ಲಿ ಸೋತ ಆ ತಳಿ ನಮ್ಮ ಎರೆ ಮಣ್ಣಿಗೆ ಒಗ್ಗಿತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರೇ ಆಯಿತು. ಯುದ್ಧ ಶುರುವಾದಾಗ ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು.

ಆ ಹತ್ತಿ ಹೋಗುತ್ತಿದ್ದುದು ಹೇಗೆ? ಜಿ.ಐ.ಪಿ. ರೈಲ್ವೆ 1860ರ ಹೊತ್ತಿಗೆ ಸೊಲ್ಲಾಪುರ ಮುಟ್ಟಿತ್ತು, ಆದರೆ ನವಲಗುಂದಕ್ಕೆ ಸೊಲ್ಲಾಪುರ ಇನ್ನೂರು ಕಿಲೋಮೀಟರಿಗಿಂತ ದೂರ. ನಮ್ಮ ದಾರಿ ಪಶ್ಚಿಮಕ್ಕೆ. ಹತ್ತಿಯ ಅಂಡಿಗೆಗಳನ್ನು ಎತ್ತಿನ ಮೇಲೆ, ಚಕ್ಕಡಿಯ ಮೇಲೆ ಹೇರಿ, ಹುಬ್ಬಳ್ಳಿಯಿಂದ ಸುಮಾರು 160 ಕಿಲೋಮೀಟರು ನಡೆದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ಹಾಯಿ ದೋಣಿಗಳಲ್ಲಿ ಮುಂಬಯಿಗೆ. ಮಳೆಗಾಲ ಕೂತಿತೆಂದರೆ ಬಂದರು ಮುಚ್ಚಿತು. ನಮ್ಮ ಜವಾರಿ ಹತ್ತಿಗೆ ಮುಂಬಯಿಯಲ್ಲಿ ‘ಕುಮಟಾ’ ಎಂದೇ ಹೆಸರಾಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ ಎಂಬುದು ಲಿವರ್‌ಪೂಲಿನ ವ್ಯಾಪಾರಿಗೆ ಯಾಕೆ ಬೇಕು?

ಬಂದ ಹಣ ಏನಾಯಿತು? ನಾಗಪುರ ಸೀಮೆಯ ರೈತರು ನೇಗಿಲಿನ ಕುಳಕ್ಕೂ ಬಂಡಿಯ ಗಾಲಿಗೂ ಬೆಳ್ಳಿ ಹೊಡೆಸಿದರು ಎಂಬ ಕಥೆಯನ್ನು ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ಬಾಯಿ ಚಪ್ಪರಿಸಿ ಹೇಳುತ್ತಿದ್ದರು. ಬೆಳ್ಳಿಯ ಗಾಲಿಯ ಕಥೆ ಹೇಳಿದವರು ಸಾಲದ ಕಥೆಯನ್ನು ಅಷ್ಟು ರಸವತ್ತಾಗಿ ಹೇಳಲಿಲ್ಲ. ಬಿತ್ತುವ ಮೊದಲೇ ಸಾವುಕಾರನಿಂದ ಮುಂಗಡ ತಂದ ರೈತನ ಹತ್ತಿ, ಬೆಲೆ ಏರಿದಾಗ ಅವನದಾಗಿ ಉಳಿದಿರುತ್ತಿರಲಿಲ್ಲ. ಪಶ್ಚಿಮ ಭಾರತದ ಹತ್ತಿಯ ಹಣವೆಲ್ಲ ಹರಿದು ಸೇರಿದ್ದು ಮುಂಬಯಿಗೆ. ಅಲ್ಲಿ ಅದು ಶೇರುಗಳಾಯಿತು, ಸಮುದ್ರ ತುಂಬಿಸಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯಾಯಿತು. ಯುದ್ಧ ಮುಗಿಯಿತು. 1865ರ ಜುಲೈ 1ರಂದು ಬಾಜಾರು ಕುಸಿಯಿತು. ಆ ಕಾಲದ ದೊಡ್ಡ ಹತ್ತಿ ದಲ್ಲಾಳಿ ಪ್ರೇಮಚಂದ್ ರಾಯಚಂದ್ ಕುಸಿತಕ್ಕೆ ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣದಲ್ಲಿ ಎದ್ದ ಗಡಿಯಾರದ ಗೋಪುರಕ್ಕೆ ಅವನ ತಾಯಿ ರಾಜಾಬಾಯಿಯ ಹೆಸರಿದೆ. ಆ ಸಿರಿಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದದ್ದು ಅಂಥ ಕೆಲವು ಕಲ್ಲಿನ ಕಟ್ಟಡಗಳು.

ಗೋಪುರ ಮುಗಿದದ್ದು 1878ರಲ್ಲಿ. ಅದೇ ಹೊತ್ತಿನಲ್ಲಿ ನಮ್ಮ ಕಡೆ ಏನಾಗಿತ್ತು? ಹಳೇ ಮೈಸೂರಿನವರು ಧಾತು-ಈಶ್ವರದ ಬರ ಎನ್ನುವ 1876-78ರ ಮಹಾಬರ ಧಾರವಾಡ, ಬಿಜಾಪುರ, ಬಳ್ಳಾರಿಗಳನ್ನು ತಿಂದುಹಾಕಿತ್ತು. ದೂರದಲ್ಲಿ ಕಾಳು ಇದ್ದರೂ ತರಲು ದಾರಿ ಇಲ್ಲ. ದನಕ್ಕೇ ಮೇವು, ನೀರು ಇಲ್ಲದಾಗ ಚಕ್ಕಡಿ ಯಾರು ಎಳೆಯಬೇಕು? ಹನ್ನೆರಡು ವರ್ಷದ ಹಿಂದೆ ಜಗತ್ತಿನ ಹತ್ತಿಯ ಹಸಿವು ತೀರಿಸಿದ ಎತ್ತುಗಳೇ ಮೊದಲು ಬಿದ್ದವು.

ನಮ್ಮ ರೈಲು ಹುಟ್ಟಿದ್ದು ಈ ಬರದ ಹೊಟ್ಟೆಯಲ್ಲಿ. 1880ರ ಕ್ಷಾಮ ಆಯೋಗ ಬರ ತಡೆಯಲು ರೈಲುಹಳಿ ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಬಿಜಾಪುರದ ಮೇಲೆ ಗದಗಕ್ಕೆ 1884ರಲ್ಲಿ ಮೀಟರ್ ಗೇಜ್ ಹಳಿ ಬಂತು. ಕೆಲವೇ ವರ್ಷಗಳಲ್ಲಿ ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿ, ಕುಂದಗೋಳದ ಮೇಲೆ ಹರಿಹರ, ಪಶ್ಚಿಮಕ್ಕೆ ಲೋಂಡಾ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ 1885ರದ್ದು. ಧಾರವಾಡದಲ್ಲಿ ಕಂಪನಿಯ ಮುಖ್ಯ ಕಚೇರಿಯಾಗಿದ್ದ ಕಟ್ಟಡದಲ್ಲಿಯೇ ಇಂದು ಕರ್ನಾಟಕ ಕಾಲೇಜಿನ ಮಕ್ಕಳು ಪಾಠ ಕೇಳುತ್ತಾರೆ. 1888ರಲ್ಲಿ ಗೋವೆಯ ಮುರಗಾಂವ ಬಂದರಿಗೆ ಸಂಪರ್ಕ ಸಿಕ್ಕಮೇಲೆ ಹತ್ತಿ ಘಟ್ಟದ ದಾರಿ ಬಿಟ್ಟು ಹಳಿ ಹಿಡಿಯಿತು. ಕುಮಟಾ ಬಂದರು ಸಪ್ಪಗಾಯಿತು. ಪೇಟೆಯಲ್ಲಿ ಮಾತ್ರ ಹತ್ತಿಯ ಹೆಸರು ‘ಕುಮಟಾ’ ಎಂದೇ ಉಳಿಯಿತು. ಬರದ ಹೆಸರಿನಲ್ಲಿ ಬಂದ ರೈಲು ಕಾಳನ್ನು ಒಳಗೆ ತಂದಂತೆ ಹೊರಗೂ ಒಯ್ಯಿತು ಎಂದು ಇತಿಹಾಸಕಾರರು ವಾದಿಸಿದ್ದಾರೆ. ಅದೂ ಸುಳ್ಳಲ್ಲ.

ಹಾಗಾಗಿ 1864 ಅನ್ನು ಆರಿಸಿದರೆ ನನ್ನ ಹಲಗೆಯ ಮೇಲೆ ಹಳಿಯೇ ಇರುವುದಿಲ್ಲ, ಬರೀ ಚಕ್ಕಡಿ. 1877 ಅನ್ನು ಆಟಿಕೆ ಮಾಡಲು ಕೈ ಬರುವುದಿಲ್ಲ. ನಾನು ಆರಿಸುವ ವರ್ಷ 1936, ಊರು ಕುಂದಗೋಳ.

ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ತುಣುಕು. ಅಲ್ಲಿ ಸವಾಯಿ ಗಂಧರ್ವರ ಮನೆ. ಗದಗಿನ ಹುಡುಗ ಭೀಮಸೇನ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಟಿಕೀಟಿಲ್ಲದೆ ರೈಲು ಹತ್ತಿದ್ದ. ಪುಣೆ, ಗ್ವಾಲಿಯರ್ ಎಂದು ಉತ್ತರವನ್ನೆಲ್ಲ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಗದಗಿನಿಂದ ಕೆಲವೇ ಸ್ಟೇಷನ್ ಆಚೆ. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ಪಾಠಕ್ಕೆಂದು ಅದೇ ಮೀಟರ್ ಗೇಜ್ ಗಾಡಿಯಲ್ಲಿ ಕುಂದಗೋಳಕ್ಕೆ ಬಂದು ಹೋಗುತ್ತಿದ್ದರು. ಸಂಜೆ ಅವರನ್ನು ಸ್ಟೇಷನ್ನಿನವರೆಗೆ ಕಳಿಸಿ ಬರುವುದು ಭೀಮಸೇನರ ಪಾಲಿನ ಕೆಲಸವಾಗಿತ್ತಂತೆ. ಹತ್ತಿಗೂ ಬರಕ್ಕೂ ಎಂದು ಹಾಸಿದ ಹಳಿ ಕಿರಾಣಾ ಘರಾಣೆಯ ಇಬ್ಬರು ದೊಡ್ಡ ಗಾಯಕರನ್ನು ಗುರುವಿನ ಬಾಗಿಲಿಗೆ ಮುಟ್ಟಿಸಿತು. ಇದನ್ನು ಯಾವ ಕಂಪನಿಯೂ ಲಾಭದ ಪಟ್ಟಿಯಲ್ಲಿ ಬರೆದುಕೊಂಡಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಲ್ಲರೂ ಬಳಸುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ನೇ ಒಂದು ಪಾಲು. ನಮ್ಮ ಮೀಟರ್ ಗೇಜ್ ಅದರಲ್ಲಿ 12 ಮಿಲಿಮೀಟರು. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 58 ಕಿಲೋಮೀಟರು, ಅಂದರೆ 667 ಮೀಟರು ಹಳಿ. 2023ರಲ್ಲಿ ಜಗತ್ತಿನ ಅತಿ ಉದ್ದದ್ದೆಂದು ಉದ್ಘಾಟನೆಯಾದ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರಮ್ ಒಂದಕ್ಕೇ 17 ಮೀಟರು ಬೇಕು. ಹ್ಯಾಂಬುರ್ಗಿನಲ್ಲಿ ಬ್ರೌನ್ ಸೋದರರು 2001ರಲ್ಲಿ ಬ್ಯಾಂಕಿನ ಸಾಲ ತಂದು ಶುರುಮಾಡಿದ ಮಾದರಿ ಲೋಕದಲ್ಲಿ ಈಗ 15 ಕಿಲೋಮೀಟರಿಗೂ ಹೆಚ್ಚು ಹಳಿ ಇದೆ. ಅದರ ಪಕ್ಕದಲ್ಲಿ ನಮ್ಮ ಗದಗ ಮಾರ್ಗ ದೊಡ್ಡದಲ್ಲ. ಐದು ಕೋಟಿಯಲ್ಲಿ ಹಳಿಯನ್ನೂ ಕೊಳ್ಳಬಹುದು, ಹಳಿ ಹಾಸಲು ಷೆಡ್ಡನ್ನೂ ಕಟ್ಟಬಹುದು.

ಕೊಳ್ಳಲು ಆಗದ್ದು ಬೇರೆ. 1936ರಲ್ಲಿ ಕುಂದಗೋಳ ಸ್ಟೇಷನ್ನಿನ ಬಾಗಿಲಿಗೆ ಯಾವ ಬಣ್ಣ? ಸಿಗ್ನಲ್ಲಿನ ಕಂಬ ಪ್ಲಾಟ್‌ಫಾರಮ್ಮಿನ ಯಾವ ತುದಿಗೆ? ಅಣ್ಣಿಗೇರಿಯ ಮಾಲಿನ ಕಟ್ಟೆಯ ಮೇಲೆ ಹತ್ತಿಯ ಅಂಡಿಗೆಗಳನ್ನು ಒಂದರ ಮೇಲೊಂದು ಎಷ್ಟು ಎತ್ತರ ಒಟ್ಟುತ್ತಿದ್ದರು? 1990ರ ದಶಕದಲ್ಲಿ ಗೇಜ್ ಬದಲಾವಣೆ ನಡೆದಾಗ ಮೀಟರ್ ಗೇಜಿನ ಹಳಿಗಳ ಜೊತೆ ಇಂಥ ಸಾವಿರ ಸಂಗತಿಗಳು ಎದ್ದುಹೋದವು. 2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲು ಸಂಗ್ರಹಾಲಯ ತೆರೆದದ್ದು ಸಂತೋಷ, ಅಲ್ಲಿ ಕಬ್ಬಿಣ ಉಳಿಯುತ್ತದೆ. ಆದರೆ ವೈಪಿ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದ ಕೈಗಳು, ಗೇಟು ಮುಚ್ಚಿ ತೆಗೆದವರು, ಕಾರ್ಖಾನೆಯಲ್ಲಿ ನಕ್ಷೆ ಬರೆದವರು ಇಂದು ಎಪ್ಪತ್ತು ಎಂಬತ್ತು ದಾಟಿದ್ದಾರೆ.

ಆದ್ದರಿಂದ ನನ್ನ ಐದು ಕೋಟಿಯ ಮೊದಲ ಖರ್ಚು ಇಂಜಿನ್ನಲ್ಲ. ಇಬ್ಬರು ಓದಿದ ಹುಡುಗ-ಹುಡುಗಿಯರಿಗೆ ಸಂಬಳ ಕೊಟ್ಟು, ಒಂದು ರೆಕಾರ್ಡರ್, ಒಂದು ಸ್ಕ್ಯಾನರ್ ಕೊಡಿಸಿ, ಹುಬ್ಬಳ್ಳಿಯಿಂದ ಗದಗ, ಹಾವೇರಿ, ಲೋಂಡಾ ಮಾರ್ಗದ ಊರುಗಳಿಗೆ ಕಳಿಸುತ್ತೇನೆ. ಹಳೆಯ ಫೋಟೋ, ಟಿಕೀಟು, ವೇಳಾಪಟ್ಟಿ, ಪಿಂಚಣಿದಾರರ ಮಾತು, ಏನು ಸಿಕ್ಕಿತೋ ಅದು. ಎರಡನೆಯದು ಕುಂದಗೋಳ ಮತ್ತು ಅಣ್ಣಿಗೇರಿ ಸ್ಟೇಷನ್ನುಗಳ ಮಾದರಿ. ಇವನ್ನು ಷೆಡ್ಡಿನಲ್ಲಿ ಬೀಗ ಹಾಕಿ ಇಡುವುದಿಲ್ಲ. ಆಯಾ ಊರಿನ ಸರ್ಕಾರಿ ಶಾಲೆಯಲ್ಲಿ ಇಡುತ್ತೇನೆ, ಮಕ್ಕಳೇ ಓಡಿಸಲಿ.

ಮೂರನೆಯದು ಇತಿಹಾಸದ ಬಾಕಿ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬೇಕೆಂಬ ಮಾತು 1870ರ ದಶಕದಲ್ಲೇ ಇತ್ತು. ಗೋವೆಯ ದಾರಿ ಗೆದ್ದಮೇಲೆ ಅದು ಹಿಂದೆ ಬಿತ್ತು. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಅಡಿಗಲ್ಲು ಬಿತ್ತು. 160 ಕಿಲೋಮೀಟರಿಗೂ ಉದ್ದದ ಆ ದಾರಿ ಪಶ್ಚಿಮ ಘಟ್ಟದ ಕಾಡನ್ನು ಸೀಳಬೇಕಾದ್ದರಿಂದ ಅನುಮತಿ, ಕೋರ್ಟು ಎಂದು ನಿಂತಿತು. ಆ ದಾರಿಯ ಮೇಲಿರುವ ಕಲಘಟಗಿ ಕಾಯುತ್ತಲೇ ಇದೆ. ಕಾಡು ಉಳಿಯಬೇಕೆನ್ನುವವರ ಮಾತೂ ನ್ಯಾಯದ್ದೇ. ನವಲಗುಂದಕ್ಕಂತೂ ಹಳಿಯೇ ಇಲ್ಲ. ತೀರಾ ಈಚಿನವರೆಗೆ ತನ್ನದೇ ತಾಲ್ಲೂಕಿನಲ್ಲಿದ್ದ ಅಣ್ಣಿಗೇರಿಗೋ, ಇಲ್ಲವೇ ಹುಬ್ಬಳ್ಳಿಗೋ ಬಸ್ಸು ಹಿಡಿದು ಹೋಗಿ ಅಲ್ಲಿಯವರು ರೈಲು ಹತ್ತಬೇಕು. ಮಾದರಿಯಲ್ಲಿ ಒಂದು ಸುಖವಿದೆ, ಒಂದು ಮರವನ್ನೂ ಕಡಿಯದೆ ಕಲಘಟಗಿಗೆ ರೈಲು ತರಬಹುದು. ಆ ಹಲಗೆಯನ್ನು ಕಲಘಟಗಿಯಲ್ಲಿಯೇ ಇಟ್ಟು, ಭತ್ತದ ಗದ್ದೆಯಿಂದ ಅರಬೈಲು ಘಟ್ಟದವರೆಗಿನ ಕಾಡನ್ನು ಪೂರ್ತಿ ಕಟ್ಟಿ, ಹಳಿ ಎಲ್ಲಿ ಹೋಗಬೇಕೆಂಬುದನ್ನು ಮಾತ್ರ ಖಾಲಿ ಬಿಡುತ್ತೇನೆ. ಊರವರೂ ಮಕ್ಕಳೂ ಸೇರಿ ಹಾಸಿ ನೋಡಲಿ. ಎಷ್ಟು ಮರ ಅಡ್ಡ ಬರುತ್ತವೆ ಎಂಬುದು ಅವರ ಕೈಗೇ ತಿಳಿಯುತ್ತದೆ.

1864ರ ಹಣ ಊರಲ್ಲಿ ನಿಲ್ಲಲಿಲ್ಲ. ಅದನ್ನು ಹಿಡಿದು ನಿಲ್ಲಿಸುವ ಬ್ಯಾಂಕು, ಕಾಲುವೆ, ಹಳಿ ಯಾವುದೂ ಮೊದಲೇ ಇಲ್ಲಿ ಇರಲಿಲ್ಲ. ನನ್ನ ಐದು ಕೋಟಿ ಬರುವ ಲಕ್ಷಣವೇನೂ ಕಾಣುತ್ತಿಲ್ಲ. ಆದರೆ ಮೊದಲ ಖರ್ಚಿನ ಕೆಲಸಕ್ಕೆ ಐದು ಕೋಟಿ ಬೇಕಾಗಿಯೂ ಇಲ್ಲ. ಇದನ್ನು ಓದುವ ವಿದ್ಯಾರ್ಥಿಗಳ ಮನೆಯಲ್ಲೋ ಓಣಿಯಲ್ಲೋ ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರು ಇದ್ದೇ ಇರುತ್ತಾರೆ. ಒಂದು ಸಂಜೆ ಅವರ ಪಕ್ಕ ಕೂತು, ಮೊಬೈಲಿನ ರೆಕಾರ್ಡರ್ ಒತ್ತಿ ಕೇಳಿ: ‘ಅಜ್ಜಾ, ಮೀಟರ್ ಗೇಜ್ ಇದ್ದಾಗ ನಮ್ಮ ಸ್ಟೇಷನ್ ಹೆಂಗಿತ್ರಿ?’