ಗಡಿಗ್ರಾಮದಿಂದ ಕಂಡ ರಾಜ್ಯ: ಕರೋಶಿ ಪರಿಸರ

ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ರಾಜ್ಯ ರೂಪುಗೊಂಡುದು 1956ರ ನವೆಂಬರ್ 1ರಂದು. ‘ಮೈಸೂರು’ ಎಂಬ ಹೆಸರು ‘ಕರ್ನಾಟಕ’ವಾದುದು 1973ರಲ್ಲಿ. ಶಾಲಾಪಠ್ಯಗಳು ಒಪ್ಪಿಸುವ ಈ ಸಂಗತಿಗಳು ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಗ್ರಾಮದಲ್ಲಿ ನಿಂತು ನೋಡಿದಾಗ ಬೇರೆಯೇ ಅರ್ಥ ಪಡೆಯುತ್ತವೆ.

ಈ ಸೀಮೆ ಒಡೆಯರ ಮೈಸೂರಿನ ಭಾಗವಾಗಿರಲಿಲ್ಲ. 19ನೆಯ ಶತಮಾನದ ಆದಿಯಲ್ಲಿ ಕೊಲ್ಹಾಪುರ ಸಂಸ್ಥಾನ ಮತ್ತು ಇಂಗ್ಲಿಷರ ನಡುವೆ ಕೈಬದಲಾದ ಚಿಕ್ಕೋಡಿ, ಮುಂದೆ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಆದುದರಿಂದ ರಾಜ್ಯಲಾಂಛನದ ಗಂಡಭೇರುಂಡವು ಇಲ್ಲಿಗೆ ಮೈಸೂರಿನ ದಾರಿಯಾಗಿ, ತಡವಾಗಿ ಬಂದಿತು. ಆದರೂ ಅದನ್ನು ಅರಮನೆಯ ಚಿಹ್ನೆಯೆಂದಷ್ಟೇ ಭಾವಿಸುವುದು ಸರಿಯಲ್ಲ; ಬಳ್ಳಿಗಾವಿಯ ಗಂಡಭೇರುಂಡ ಸ್ತಂಭ 1047ರಷ್ಟು ಹಳೆಯದು.

ಭೂಗೋಳ ಗಡಿಯನ್ನು ಲೆಕ್ಕಿಸುವುದಿಲ್ಲ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹುಟ್ಟುವ ದೂಧಗಂಗೆ, ವೇದಗಂಗೆಯನ್ನು ಕೂಡಿಸಿಕೊಂಡು ಕೃಷ್ಣೆಯನ್ನು ಸೇರುತ್ತದೆ. ಈ ನೀರನ್ನು ನಂಬಿದ ಸೀಮೆಯ ಇಂದಿನ ಮುಖ್ಯ ಬೆಳೆ ಕಬ್ಬು. ನಿಪ್ಪಾಣಿಯ ಕಡೆ ಬೀಡಿ ತಂಬಾಕಿನದೇ ಹೆಸರು. ಆ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಧರಣಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಜನ ಮಡಿದರು. ಹೋರಾಟವನ್ನು ಮುನ್ನಡೆಸಿದವರಲ್ಲಿ ಪ್ರಮುಖರಾದ ಶರದ್ ಜೋಶಿ ಮಹಾರಾಷ್ಟ್ರದವರು. ಬೆಲೆಯ ಪ್ರಶ್ನೆ ಭಾಷೆಯ ಪ್ರಶ್ನೆಯನ್ನು ಹಿಂದಿಕ್ಕಿದ ಅಪರೂಪದ ಸಂದರ್ಭವದು. ಆರ್ಥಿಕ ಪರಿಚಯಗಳಲ್ಲಿ ಬೆಳೆಯ ಹೆಸರು ಬರುತ್ತದೆ, ಈ ಸಾವುಗಳು ಬರುವುದಿಲ್ಲ.

1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗವು 1967ರ ವರದಿಯಲ್ಲಿ ಬೆಳಗಾವಿಯನ್ನು ಮೈಸೂರಿನಲ್ಲಿಯೇ ಉಳಿಸಿ, ನಿಪ್ಪಾಣಿಯೂ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆಯೂ ಸೇರಿ 247 ಊರುಗಳನ್ನು ಮೈಸೂರಿಗೂ ಕೊಡಬೇಕೆಂದಿತು. ಅದು ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ಜನಪದರ ನಕ್ಷೆಯಾದರೋ ಜಾತ್ರೆಗಳಿಂದ ರೂಪುಗೊಂಡುದು. ಮಾಘಮಾಸದಲ್ಲಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಕೊಲ್ಹಾಪುರ, ಸಾಂಗಲಿ ಕಡೆಯ ಮರಾಠಿ ಭಕ್ತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ; ಇತ್ತಲಿನ ಕನ್ನಡಿಗರು ಕೊಲ್ಹಾಪುರದ ಜೋತಿಬಾನ ಗುಡ್ಡಕ್ಕೆ ನಡೆದುಕೊಳ್ಳುತ್ತಾರೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದ ಹಳದಿ–ಕೆಂಪನ್ನು ಅರಿಶಿನ–ಕುಂಕುಮವೆಂದು ವಿವರಿಸುವುದುಂಟು. ಚಿಂಚಲಿಯಲ್ಲಿ ಅದೇ ಅರಿಶಿನ ‘ಭಂಡಾರ’ವೆನಿಸಿ, ಎರಡೂ ಭಾಷೆಯವರ ಹಣೆಗೆ ಹತ್ತುತ್ತದೆ.